ನೀಲಿ ಚುಕ್ಕೆ ಓಡುತ್ತಿತ್ತು, ಮ್ಯಾಪ್ ಮಾತ್ರ ಇರಲಿಲ್ಲ

ಹೋದ ದೀಪಾವಳಿಗೆ ಸೋದರತ್ತೆ ಮನೆಗೆ ಹೊರಟಿದ್ದೆವು. ತೀರ್ಥಹಳ್ಳಿ ದಾಟಿ ಕೊಪ್ಪದ ಕಡೆ ಹೋಗುವಾಗ ಎಡಕ್ಕೆ ತಿರುಗಿ ಒಳಗೆ ಆರೇಳು ಕಿಲೋಮೀಟರ್ ಹೋದರೆ ಅವರ ಊರು. ಹೊತ್ತು ಮುಳುಗುತ್ತಿತ್ತು, ಸಣ್ಣಗೆ ಮಳೆ ಬೇರೆ. ಚಿಕ್ಕವನಿದ್ದಾಗ ಬಸ್ಸಲ್ಲಿ ಎಷ್ಟೋ ಸಲ ಹೋಗಿದ್ದ ದಾರಿ, ಆದರೆ ಬಸ್ಸಲ್ಲಿ ಕೂತು ಹೋದವನಿಗೆ ತಿರುವುಗಳು ನೆನಪಿರುವುದಿಲ್ಲ, ಅಲ್ವಾ. ಹಾಗಾಗಿ ಫೋನ್ ಹೇಳಿದಂತೆ ಹೋಗುತ್ತಿದ್ದೆ. ಮುಖ್ಯ ರಸ್ತೆ ಬಿಟ್ಟು ಒಂದೆರಡು ಕಿಲೋಮೀಟರ್ ಆಗಿರಬಹುದು, ಒಂದು ಕವಲಿನಲ್ಲಿ ಫೋನ್ ಏನೂ ಹೇಳಲಿಲ್ಲ. ನಾನು ಬಲಕ್ಕೆ ಹೋದೆ. ಸ್ವಲ್ಪ ಹೊತ್ತಿಗೆ ಪರದೆ ಪೂರ್ತಿ ಬೂದು ಬಣ್ಣ.

"ರೀ, ಜಿಪಿಎಸ್ ಹೋಯ್ತು" ಅಂದಳು ಹೆಂಡತಿ.

ನಾನೂ ಹಾಗೇ ಅಂದುಕೊಂಡೆ. ಆದರೆ ಸರಿಯಾಗಿ ನೋಡಿದರೆ ಆ ಬೂದು ಪರದೆಯ ನಡುವೆ ನೀಲಿ ಚುಕ್ಕೆ ಇನ್ನೂ ಇತ್ತು. ಕಾರು ತಿರುಗಿದ ಕಡೆಗೆ ಅದೂ ತಿರುಗುತ್ತಿತ್ತು, ನಿಂತರೆ ಅದೂ ನಿಲ್ಲುತ್ತಿತ್ತು. ಅಂದರೆ ಜಿಪಿಎಸ್ ಎಲ್ಲಿಗೂ ಹೋಗಿರಲಿಲ್ಲ. ಹೋಗಿದ್ದು ಇಂಟರ್ನೆಟ್, ಅದರ ಜೊತೆ ಮ್ಯಾಪ್.

ಮುಂದೆ ಒಂದು ಗೂಡಂಗಡಿ ಸಿಕ್ಕಿತು. ಕಾರು ನಿಲ್ಲಿಸಿ ಊರಿನ ಹೆಸರು ಹೇಳಿದೆ. ಅಂಗಡಿಯವರು ಹೊರಗೆ ಬಂದು, "ಇದು ತೋಟದ ರಸ್ತೆ ಮಾರಾಯ್ರೇ, ಮುಂದೆ ಹಳ್ಳಕ್ಕೆ ಹೋಗಿ ಮುಗೀತದೆ. ವಾಪಸ್ ಹೋಗಿ, ಅಶ್ವತ್ಥ ಕಟ್ಟೆ ಹತ್ರ ಎಡಕ್ಕೆ ತಗೊಳ್ಳಿ" ಅಂದರು. ಹತ್ತೇ ನಿಮಿಷದಲ್ಲಿ ಅತ್ತೆ ಮನೆಯಲ್ಲಿದ್ದೆವು. ಆದರೆ ಹಿಂದಿನ ಸೀಟಲ್ಲಿ ಮಗು ಮಲಗಿತ್ತು, ಮಳೆ, ಕತ್ತಲು, ಹಳ್ಳ. ಆ ಹಳ್ಳದ ಮಾತು ಆಮೇಲೂ ತಲೆಯಿಂದ ಹೋಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾವು ಸುಮ್ನೆ ಎಲ್ಲವನ್ನೂ ಸೇರಿಸಿ ಜಿಪಿಎಸ್ ಅಂತೀವಿ. ಅಲ್ಲಿರುವುದು ಮೂರು ಬೇರೆ ಬೇರೆ ವಸ್ತು. ನೀವು ಎಲ್ಲಿದ್ದೀರಿ ಅಂತ ತಿಳಿಸುವುದು ಉಪಗ್ರಹ. ಅಲ್ಲಿ ರಸ್ತೆ ಇದೆಯಾ ಅಂತ ತೋರಿಸುವುದು ಮ್ಯಾಪ್, ಅದನ್ನು ಯಾರೋ ಮನುಷ್ಯರು ಕೂತು ಮಾಡಿದ್ದು. ಆ ಮ್ಯಾಪನ್ನೂ ಟ್ರಾಫಿಕ್ ಸುದ್ದಿಯನ್ನೂ ನಿಮ್ಮ ಫೋನಿಗೆ ತರುವುದು ಇಂಟರ್ನೆಟ್. ಮೂರರಲ್ಲಿ ಯಾವುದು ಕೈಕೊಟ್ಟಿದೆ ಅಂತ ಗೊತ್ತಾದರೆ ಏನು ಮಾಡಬೇಕು ಅನ್ನುವುದೂ ಗೊತ್ತಾಗುತ್ತದೆ. ಇದು ಗೊತ್ತಿಲ್ಲದೆ ಫೋನ್ ಆಫ್ ಮಾಡಿ ಆನ್ ಮಾಡುವವರನ್ನು ನಾನು ತುಂಬಾ ಜನ ನೋಡಿದ್ದೇನೆ. ಮಲೆನಾಡಿನ ನಡುವೆ ಹಾಗೆ ಮಾಡಿದರೆ ಫೋನಿನಲ್ಲಿ ತೆರೆದಿದ್ದ ದಾರಿಯೂ ಹೋಗುವ ಸಾಧ್ಯತೆ ಇರುತ್ತದೆ.

ಮೊದಲು ಉಪಗ್ರಹದ ಮಾತು. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿವೆ. ಪ್ರತಿಯೊಂದೂ ತನ್ನ ಗಡಿಯಾರದ ಸಮಯವನ್ನೂ ತಾನಿರುವ ಜಾಗವನ್ನೂ ಸಾರುತ್ತಲೇ ಇರುತ್ತದೆ. ನಿಮ್ಮ ಫೋನ್ ಅಥವಾ ಕಾರಿನ ಜಿಪಿಎಸ್ ಅದನ್ನು ಕೇಳಿಸಿಕೊಳ್ಳುತ್ತದೆ, ಅಷ್ಟೇ. ರೇಡಿಯೋ ಇದ್ದ ಹಾಗೆ. ವಾಪಸ್ ಏನನ್ನೂ ಕಳಿಸುವುದಿಲ್ಲ. ಅದಕ್ಕೇ ಇದಕ್ಕೆ ಡೇಟಾ ಬೇಡ, ಸಿಮ್ ಬೇಡ. ಸಿಗ್ನಲ್ ಬರಲು ಎಷ್ಟು ಹೊತ್ತು ಹಿಡಿಯಿತು ಅನ್ನುವುದರಿಂದ ದೂರ ಲೆಕ್ಕ ಹಾಕುತ್ತಾರೆ. ಜಾಗ ತಿಳಿಯಲು ಮೂರು ಉಪಗ್ರಹ ಸಾಕು ಅನಿಸಬಹುದು, ಆದರೆ ನಮ್ಮ ಫೋನಿನ ಗಡಿಯಾರ ಅಷ್ಟು ನಿಖರ ಅಲ್ಲ, ಆ ತಪ್ಪನ್ನು ಸರಿಪಡಿಸಲು ನಾಲ್ಕನೆಯದೊಂದು ಬೇಕು. ಗಡಿಯಾರ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿದರೂ ದೂರ 300 ಮೀಟರ್ ತಪ್ಪುತ್ತದೆ. ಯೋಚಿಸಿ, ಇಷ್ಟು ದೊಡ್ಡ ಕೆಲಸ ನಮ್ಮ ಡ್ಯಾಶ್‌ಬೋರ್ಡಿನ ಮೇಲೆ ಪ್ರತಿ ಸೆಕೆಂಡೂ ನಡೆಯುತ್ತಿದೆ.

ಊರಿಂದ ಬಂದಮೇಲೆ ಚಿಕ್ಕಪ್ಪನಿಗೆ ಈ ಕಥೆ ಹೇಳಿದೆ. ಅವರು ಬೀರುವಿನಿಂದ ಒಂದು ಹಳೆಯ ಡಬ್ಬ ತೆಗೆದರು. ಒಳಗೆ ಕಾರಿಗೆ ಹಾಕುವ ಜಿಪಿಎಸ್ ಡಿವೈಸ್. ಒಂದು ಕಾಲದಲ್ಲಿ ಟ್ಯಾಕ್ಸಿಗಳಲ್ಲಿ ಗಾಜಿಗೆ ಅಂಟಿಸಿಕೊಂಡು ಓಡಾಡುತ್ತಿದ್ದರಲ್ಲ, ಅಂಥದ್ದು. "ಇದಕ್ಕೆ ಇಂಟರ್ನೆಟ್ಟೇ ಬೇಡ, ಮ್ಯಾಪೆಲ್ಲ ಒಳಗೇ ಇದೆ, ತಗೊಂಡು ಹೋಗು" ಅಂದರು. ಮಿನಿ ಯುಎಸ್‌ಬಿ ಕೇಬಲ್ ಹುಡುಕಿ ಚಾರ್ಜಿಗೆ ಹಾಕಿದೆ. ಆನ್ ಆಯಿತು. ಆದರೆ ಉಪಗ್ರಹ ಹುಡುಕುತ್ತಾ ಕೂತಿತು, ಐದು ನಿಮಿಷ, ಹತ್ತು ನಿಮಿಷ. ಹಾಳಾಗಿದೆ ಅಂತ ಅನೇಕರು ಇಲ್ಲೇ ಕೈಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಜಿಪಿಎಸ್ ಉಪಗ್ರಹ ಮಾಹಿತಿ ಕಳಿಸುವ ವೇಗ ಸೆಕೆಂಡಿಗೆ ಬರೀ 50 ಬಿಟ್. ಒಂದು ಉಪಗ್ರಹ ತಾನು ಎಲ್ಲಿದ್ದೇನೆ ಅಂತ ಪೂರ್ತಿ ಹೇಳಿ ಮುಗಿಸಲು ಸುಮಾರು 30 ಸೆಕೆಂಡ್ ಬೇಕು, ಎಲ್ಲ ಉಪಗ್ರಹಗಳ ಪಟ್ಟಿ ಪೂರ್ತಿ ಬರಲು 12.5 ನಿಮಿಷ ಬೇಕು. ಫೋನ್ ಈ ಮಾಹಿತಿಯನ್ನು ಇಂಟರ್ನೆಟ್‌ನಿಂದ ಮೊದಲೇ ತರಿಸಿಕೊಳ್ಳುವುದರಿಂದ ಕ್ಷಣದಲ್ಲಿ ಜಾಗ ತೋರಿಸುತ್ತದೆ. ಹಳೆಯ ಡಿವೈಸಿಗೆ ಆ ಅನುಕೂಲ ಇಲ್ಲ. ವರ್ಷಗಟ್ಟಲೆ ಆಫ್ ಆಗಿದ್ದರೆ ಎಲ್ಲವನ್ನೂ ಮೊದಲಿಂದ ಕೇಳಿಸಿಕೊಳ್ಳಬೇಕು. ಮನೆಯೊಳಗೆ ಬೇಡ, ಮರದ ಕೆಳಗೂ ಬೇಡ. ತೆರೆದ ಆಕಾಶದ ಕೆಳಗೆ, ಕಾರು ನಿಲ್ಲಿಸಿ, ಕಾಲು ಗಂಟೆ ಸುಮ್ನೆ ಇಡಿ. ಓಡುವ ಕಾರಿನಲ್ಲಿ ಅದಕ್ಕೆ ಇನ್ನೂ ಕಷ್ಟ, ಯಾಕೆಂದರೆ ಕಟ್ಟಡ, ಮರ ಅಡ್ಡ ಬಂದಾಗಲೆಲ್ಲ ಅರ್ಧ ಕೇಳಿಸಿಕೊಂಡದ್ದು ತುಂಡಾಗುತ್ತದೆ.

ನಾನು ಮಹಡಿ ಮೇಲೆ ಇಟ್ಟು ಬಂದೆ. ಹತ್ತಿರ ಹತ್ತಿರ ಇಪ್ಪತ್ತು ನಿಮಿಷಕ್ಕೆ ಜಾಗ ಸರಿಯಾಗಿ ಹಿಡಿಯಿತು. ಆದರೆ ತಾರೀಖು ನೋಡಿದರೆ 2006ರ ಮಾರ್ಚ್! ಅವತ್ತು ನಿಜಕ್ಕೂ 2025ರ ನವೆಂಬರ್. ಇದು ಡಿವೈಸಿನ ಹುಚ್ಚಲ್ಲ. ಜಿಪಿಎಸ್‌ನ ಹಳೆಯ ಸಂದೇಶದಲ್ಲಿ ವಾರಗಳನ್ನು ಎಣಿಸಲು 10 ಬಿಟ್ ಜಾಗ ಮಾತ್ರ ಇಟ್ಟಿದ್ದರು. 1023ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. 1024 ವಾರ ಅಂದರೆ ಸುಮಾರು ಹತ್ತೊಂಬತ್ತೂವರೆ ವರ್ಷಕ್ಕಿಂತ ಸ್ವಲ್ಪ ಜಾಸ್ತಿ. 1980ರ ಜನವರಿಯಲ್ಲಿ ಎಣಿಕೆ ಶುರುವಾಯಿತು, 1999ರ ಆಗಸ್ಟ್‌ನಲ್ಲಿ ಒಮ್ಮೆ ಸೊನ್ನೆಗೆ ಬಂತು, 2019ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ. ಸಾಫ್ಟ್‌ವೇರ್ ಅಪ್‌ಡೇಟ್ ಆಗದ ಹಳೆಯ ಡಿವೈಸ್‌ಗಳು ಹೀಗೆ 1024 ವಾರ ಹಿಂದೆ ಹೋಗುತ್ತವೆ. ನಮ್ಮದು ಜಾಗವನ್ನು ಸರಿಯಾಗಿಯೇ ತೋರಿಸಿತು, ತಾರೀಖು ಮಾತ್ರ ತಪ್ಪು. ನಿಮ್ಮ ಹತ್ತಿರ ಇಂಥದ್ದು ಇದ್ದರೆ ಮೊದಲು ಕಂಪನಿಯ ಸೈಟಿನಲ್ಲಿ ಅದರ ಮಾಡೆಲಿಗೆ ಅಪ್‌ಡೇಟ್ ಇದೆಯಾ ನೋಡಿ, ಕೆಲವಕ್ಕೆ ಇದೆ.

ಇನ್ನು ಅದರ ಮ್ಯಾಪ್. ಪರೀಕ್ಷೆ ಮಾಡೋಣ ಅಂತ ಮೈಸೂರಿಗೆ ಹೋಗುವಾಗ ಹಾಕಿದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಆ ಡಿವೈಸಿಗೆ ಹೇಗೆ ಗೊತ್ತಿರಬೇಕು? ಮಂಡ್ಯದ ಬೈಪಾಸಿಗೆ ಬಂದ ಕೂಡಲೇ ಪರದೆಯಲ್ಲಿ ನಮ್ಮ ಕಾರು ರಸ್ತೆ ಬಿಟ್ಟು ಖಾಲಿ ಜಾಗದಲ್ಲಿ, ಅಂದರೆ ಕಬ್ಬಿನ ಗದ್ದೆಯ ನಡುವೆ ಓಡತೊಡಗಿತು. "ಸಾಧ್ಯವಾದಾಗ ಯು ಟರ್ನ್ ತೆಗೆದುಕೊಳ್ಳಿ" ಅಂತ ಇಂಗ್ಲಿಷಿನಲ್ಲಿ ಹೇಳುತ್ತಲೇ ಇತ್ತು. ತೀರ್ಥಹಳ್ಳಿಯಲ್ಲಿ ಫೋನಿಗೆ ಆದದ್ದಕ್ಕೆ ಇದು ಪೂರ್ತಿ ಉಲ್ಟಾ. ಅಲ್ಲಿ ಮ್ಯಾಪ್ ಬರಲಿಲ್ಲ, ಇಲ್ಲಿ ಮ್ಯಾಪ್ ಇದೆ ಆದರೆ ಹಳೆಯದು. ಎರಡು ಕಡೆಯೂ ಉಪಗ್ರಹ ತನ್ನ ಕೆಲಸ ಸರಿಯಾಗಿ ಮಾಡಿತ್ತು. ಇಂಥ ಡಿವೈಸ್ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಕೇಳಬೇಕಾದದ್ದು ಮ್ಯಾಪ್ ಯಾವ ವರ್ಷದ್ದು, ಈಗಲೂ ಅಪ್‌ಡೇಟ್ ಬರುತ್ತಾ ಅಂತ. ಪೆಟ್ಟಿಗೆಯ ಮೇಲೆ ಲೈಫ್‌ಟೈಮ್ ಮ್ಯಾಪ್ ಅಂತ ಬರೆದಿದ್ದರೆ ಅದು ನಿಮ್ಮ ಲೈಫ್‌ಟೈಮ್ ಅಲ್ಲ, ಕಂಪನಿ ಆ ಮಾಡೆಲನ್ನು ನೋಡಿಕೊಳ್ಳುವಷ್ಟು ಕಾಲ ಮಾತ್ರ.

ಹಾಗಾಗಿ ಕೊನೆಗೆ ಫೋನನ್ನೇ ಚೆನ್ನಾಗಿ ತಯಾರು ಮಾಡಿಕೊಳ್ಳುವುದು ಒಳ್ಳೆಯದು ಅನಿಸಿತು. ಈಗ ಯಾವ ಘಾಟಿ ಕಡೆ ಹೊರಟರೂ ಹಿಂದಿನ ರಾತ್ರಿ ಮನೆಯ ವೈಫೈನಲ್ಲಿ ಮ್ಯಾಪ್ ಇಳಿಸಿಕೊಳ್ಳುತ್ತೇನೆ. ಗೂಗಲ್ ಮ್ಯಾಪ್ಸ್‌ನಲ್ಲಿ ನಿಮ್ಮ ಪ್ರೊಫೈಲ್ ಚಿತ್ರ ಒತ್ತಿದರೆ ಆಫ್‌ಲೈನ್ ಮ್ಯಾಪ್ಸ್ ಅಂತ ಬರುತ್ತದೆ. ಅಲ್ಲಿ ಒಂದು ಚೌಕ ಕಾಣಿಸುತ್ತದೆ, ಅದನ್ನು ಎಳೆದು ನಿಮಗೆ ಬೇಕಾದ ಜಾಗದ ಮೇಲೆ ಕೂರಿಸಿ. ಹೋಗುವ ಊರು ಮಾತ್ರ ಅಲ್ಲ, ದಾರಿ ಪೂರ್ತಿ ಒಳಗೆ ಬರಬೇಕು, ಅಕ್ಕಪಕ್ಕದ ತಾಲ್ಲೂಕುಗಳೂ ಬರಬೇಕು, ಯಾಕೆಂದರೆ ಶಿರಾಡಿಯಲ್ಲಿ ಗುಡ್ಡ ಕುಸಿದಿದೆ ಅಂತ ಪೊಲೀಸರು ಚಾರ್ಮಾಡಿ ಕಡೆ ತಿರುಗಿಸಿದರೆ ಆ ಮ್ಯಾಪೂ ಬೇಕಲ್ಲ. ಇಳಿಸಿದ ಮ್ಯಾಪಿಗೆ ಅವಧಿ ಇರುತ್ತದೆ, ಅದು ಮುಗಿಯುವ ಮೊದಲು ಒಮ್ಮೆ ಅಪ್‌ಡೇಟ್ ಮಾಡಿ. ಇಂಟರ್ನೆಟ್ ಇಲ್ಲದಾಗ ಕಾರಿನ ದಾರಿ ತೋರಿಸುತ್ತದೆ, ತಿರುವು ತಪ್ಪಿದರೆ ಬೇರೆ ದಾರಿಯನ್ನೂ ಹುಡುಕುತ್ತದೆ. ಟ್ರಾಫಿಕ್ ಮಾತ್ರ ಗೊತ್ತಾಗುವುದಿಲ್ಲ.

ಇದರ ಜೊತೆ ಇನ್ನೊಂದು ಆ್ಯಪ್ ಇಟ್ಟುಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಆರ್ಗ್ಯಾನಿಕ್ ಮ್ಯಾಪ್ಸ್ ಅಥವಾ ಓಎಸ್‌ಎಂಆ್ಯಂಡ್ (OsmAnd). ಎರಡೂ ಓಪನ್‌ಸ್ಟ್ರೀಟ್‌ಮ್ಯಾಪ್ ಬಳಸುತ್ತವೆ, 2004ರಲ್ಲಿ ಶುರುವಾದ, ಯಾರು ಬೇಕಾದರೂ ತಿದ್ದಬಹುದಾದ ಮ್ಯಾಪ್ ಅದು. ಇಡೀ ಕರ್ನಾಟಕವನ್ನು ಫೋನಿಗೆ ಇಳಿಸಿಟ್ಟುಕೊಳ್ಳಬಹುದು. ಒಂದರಲ್ಲಿ ಇಲ್ಲದ ಕಾಲುದಾರಿ, ಹಳ್ಳ, ಸೇತುವೆ ಇನ್ನೊಂದರಲ್ಲಿ ಇರುತ್ತದೆ. ಎರಡು ಮ್ಯಾಪೂ ಒಂದೇ ದಾರಿ ಹೇಳಿದರೆ ಧೈರ್ಯ. ಬೇರೆ ಬೇರೆ ಹೇಳಿದರೆ ನಿಲ್ಲಿಸಿ ಯಾರನ್ನಾದರೂ ಕೇಳುತ್ತೇನೆ.

ಊರಿನ ಹೆಸರು ಟೈಪ್ ಮಾಡಿ ಮೊದಲು ಬಂದದ್ದನ್ನು ಒತ್ತುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ನಮ್ಮಲ್ಲಿ ಹೊಸಹಳ್ಳಿ ಎಷ್ಟಿವೆ, ರಾಂಪುರ ಎಷ್ಟಿವೆ, ಹೊಸೂರು ಎಷ್ಟಿವೆ! ತಾಲ್ಲೂಕು, ಜಿಲ್ಲೆ ನೋಡಿಯೇ ಹೊರಡಿ. ಅದಕ್ಕಿಂತ ಒಳ್ಳೆಯದು ಹೋಗುವ ಮನೆಯವರಿಂದ ವಾಟ್ಸಾಪಿನಲ್ಲಿ ಲೊಕೇಶನ್ ತರಿಸಿಕೊಳ್ಳುವುದು, ಅದೂ ಅವರು ಮನೆಯ ಅಂಗಳದಲ್ಲಿ ನಿಂತು ಕಳಿಸಬೇಕು. ಯಾರಾದರೂ ಅಕ್ಷಾಂಶ ರೇಖಾಂಶದ ಅಂಕಿ ಕೊಟ್ಟರೆ ಅದು ಯಾವ ರೀತಿಯದು ಅಂತ ಗಮನಿಸಿ. 12 ಡಿಗ್ರಿ 30 ಮಿನಿಟ್ ಅಂದರೆ 12.5, 12.30 ಅಲ್ಲ. ಹಾಗೆ ತಪ್ಪಾಗಿ ಹಾಕಿದರೆ ಸುಮಾರು 22 ಕಿಲೋಮೀಟರ್ ಆಚೆ ಹೋಗಿ ನಿಲ್ಲುತ್ತೀರಿ. ಟ್ರೆಕ್ಕಿಂಗಿಗೆ ಹೋಗುವ ಗೆಳೆಯರೊಬ್ಬರಿಗೆ ಇದು ನಿಜವಾಗಿ ಆಗಿದೆ.

ಬೆಂಗಳೂರಿನ ಕಷ್ಟ ಬೇರೆ. ಇಲ್ಲಿ ಇಂಟರ್ನೆಟ್ ಇದೆ, ಮ್ಯಾಪ್ ಹೊಸದು, ಆದರೆ ಉಪಗ್ರಹದ ಸಿಗ್ನಲ್ ಕಟ್ಟಡಗಳಿಗೆ ಬಡಿದು ಸುತ್ತಿಕೊಂಡು ಬರುತ್ತದೆ. ಬಳಸಿ ಬಂದ ಸಿಗ್ನಲ್ಲಿಗೆ ಜಾಸ್ತಿ ಹೊತ್ತು ಹಿಡಿಯುವುದರಿಂದ ದೂರದ ಲೆಕ್ಕ ತಪ್ಪಿ, ನೀವು ಪಕ್ಕದ ರಸ್ತೆಯಲ್ಲಿದ್ದೀರಿ ಅಂತ ತೋರಿಸುತ್ತದೆ. ಸಿಲ್ಕ್ ಬೋರ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಎತ್ತರದ ರಸ್ತೆಯನ್ನೇ ನೋಡಿ. 2010ರಿಂದ ಇದೆ, ಹತ್ತು ಕಿಲೋಮೀಟರ್ ಹತ್ತಿರ ಉದ್ದ, ಕೆಳಗೂ ರಸ್ತೆ ಮೇಲೂ ರಸ್ತೆ. ಮೇಲಿನಿಂದ ನೋಡುವ ಮ್ಯಾಪಿಗೆ ಎರಡೂ ಒಂದೇ ಗೆರೆ. ಫ್ಲೈಓವರ್ ಹತ್ತಬೇಕೋ ಬೇಡವೋ ಅಂತ ಕೊನೆಯ ಗಳಿಗೆಯಲ್ಲಿ ಬ್ರೇಕ್ ಹಾಕುವವರಿಂದ ಹಿಂದಿನವರಿಗೆ ಎಷ್ಟು ಅಪಾಯ! 2024ರ ಜುಲೈನಲ್ಲಿ ಗೂಗಲ್ ಮ್ಯಾಪ್ಸ್ ಭಾರತದ 40 ನಗರಗಳಲ್ಲಿ ಫ್ಲೈಓವರ್ ಹತ್ತಿ ಅಂತ ಮೊದಲೇ ಹೇಳುವ ಸೌಲಭ್ಯ ತಂದಿತು. ಮ್ಯಾಪಲ್ಸ್ ಆ್ಯಪಿನಲ್ಲಿ ಜಂಕ್ಷನ್ನಿನ ಚಿತ್ರವೇ ಕಾಣುತ್ತದೆ, ಯಾವ ಲೇನ್ ಹಿಡಿಯಬೇಕು ಅನ್ನುವುದು ನನಗೆ ಅದರಲ್ಲಿ ಬೇಗ ಅರ್ಥವಾಗುತ್ತದೆ. ಹೊಸ ಫೋನ್ ಕೊಳ್ಳುವವರು ಎರಡು ಫ್ರೀಕ್ವೆನ್ಸಿಯ ಜಿಪಿಎಸ್, ಅಂದರೆ ಎಲ್1 ಜೊತೆ ಎಲ್5 ಕೂಡ ಇದೆಯಾ ಅಂತ ನೋಡಿ. ಕಟ್ಟಡಗಳ ನಡುವೆ ಎಲ್5 ಸಿಗ್ನಲ್ ಗೊಂದಲವನ್ನು ಸಾಕಷ್ಟು ಕಡಿಮೆ ಮಾಡುತ್ತದೆ.

ಇದೇ ಎಲ್5ನಲ್ಲಿ ಜಿಪಿಎಸ್‌ನಂಥದ್ದೇ ಆದ ನಮ್ಮ ದೇಶದ ನಾವಿಕ್ ಕೂಡ ಇದೆ ಅನ್ನುವುದು ನನಗೆ ಹೆಮ್ಮೆಯ ವಿಷಯ. ಇಸ್ರೋದ ಮೊದಲ ನ್ಯಾವಿಗೇಶನ್ ಉಪಗ್ರಹ ಹಾರಿದ್ದು 2013ರ ಜುಲೈ 1ರಂದು. ಅದರ ನ್ಯಾವಿಗೇಶನ್ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿದೆ, ಉಪಗ್ರಹಗಳನ್ನು ನೋಡಿಕೊಳ್ಳುವುದರಲ್ಲಿ ನಮ್ಮ ಹಾಸನದಲ್ಲಿರುವ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನ ಪಾಲೂ ಇದೆ. ಆದರೆ ಪೂರ್ತಿ ನಿಜ ಹೇಳಬೇಕು. ಹೊರದೇಶದಿಂದ ತಂದ ಪರಮಾಣು ಗಡಿಯಾರಗಳು ಹಳೆಯ ಉಪಗ್ರಹಗಳಲ್ಲಿ ಕೈಕೊಟ್ಟವು. ಗಡಿಯಾರ ಕೆಟ್ಟರೆ ದೂರದ ಲೆಕ್ಕವೇ ಹೋಯಿತು ಅಂತ ಮೇಲೆ ಹೇಳಿದೆನಲ್ಲ. 2023ರ ಮೇ ತಿಂಗಳಲ್ಲಿ ನಮ್ಮಲ್ಲೇ ಮಾಡಿದ ರುಬಿಡಿಯಂ ಗಡಿಯಾರ ಹೊತ್ತು ಎನ್‌ವಿಎಸ್-01 ಹಾರಿತು. 2025ರ ಜನವರಿಯಲ್ಲಿ ಹೋದ ಎನ್‌ವಿಎಸ್-02 ತಲುಪಬೇಕಾದ ಕಕ್ಷೆಗೆ ತಲುಪಲಿಲ್ಲ. ಹಾಗಾಗಿ ಸದ್ಯಕ್ಕೆ ನಮ್ಮ ಫೋನ್‌ಗಳು ಅಮೆರಿಕದ ಜಿಪಿಎಸ್, ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈಡೌ ಎಲ್ಲವನ್ನೂ ಕೇಳಿಸಿಕೊಳ್ಳುತ್ತವೆ, ಚಿಪ್‌ನಲ್ಲಿ ಸೌಲಭ್ಯ ಇದ್ದರೆ ನಾವಿಕ್ ಅನ್ನೂ ಸೇರಿಸಿಕೊಳ್ಳುತ್ತವೆ. ಜಾಸ್ತಿ ಉಪಗ್ರಹ ಕಂಡಷ್ಟೂ ಘಾಟಿಯಲ್ಲಿ ನಮಗೇ ಒಳ್ಳೆಯದು, ಅಲ್ಲಿ ಗುಡ್ಡ ಅರ್ಧ ಆಕಾಶವನ್ನೇ ಮುಚ್ಚಿರುತ್ತದೆ.

ಉಪಗ್ರಹದಿಂದ ಟೋಲ್ ಕಟ್ಟುವ ಸುದ್ದಿಯೂ ಆಗಾಗ ವಾಟ್ಸಾಪಿನಲ್ಲಿ ಓಡಾಡುತ್ತದೆ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲೇ ಅದರ ಪ್ರಯೋಗ ನಡೆದಿತ್ತು ನಿಜ. 2024ರ ಸೆಪ್ಟೆಂಬರ್‌ನಲ್ಲಿ ನಿಯಮ ಕೂಡ ತಿದ್ದಿದರು, ಅಂಥ ಡಿವೈಸ್ ಇರುವ ಗಾಡಿಗೆ ದಿನಕ್ಕೆ ಒಂದೊಂದು ದಿಕ್ಕಿನಲ್ಲಿ 20 ಕಿಲೋಮೀಟರ್‌ವರೆಗೆ ಟೋಲ್ ಇಲ್ಲ ಅಂತ. ಆದರೆ 2025ರ ಮೇ 1ರಿಂದ ದೇಶದಲ್ಲೆಲ್ಲ ಜಾರಿ ಅನ್ನುವ ಸುದ್ದಿ ಸುಳ್ಳು ಅಂತ ಕೇಂದ್ರ ಸಾರಿಗೆ ಇಲಾಖೆಯೇ ಹೇಳಿತು. ಯಾರಾದರೂ ಈಗಲೇ ಟೋಲ್ ಜಿಪಿಎಸ್ ಹಾಕಿಸಿಕೊಳ್ಳಿ ಅಂತ ದುಡ್ಡು ಕೇಳಿದರೆ ಕೊಡಬೇಡಿ.

ಫೋನನ್ನು ಎಲ್ಲಿ ಇಡಬೇಕು ಅನ್ನುವುದನ್ನು ಜನ ಅಷ್ಟು ಗಮನಿಸುವುದಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ ನೇರ ಬಿಸಿಲಿಗೆ ಇಟ್ಟರೆ, ಜೊತೆಗೆ ಚಾರ್ಜಿಂಗ್, ಜೊತೆಗೆ ಮ್ಯಾಪ್, ಫೋನ್ ಕಾದು ತಾನೇ ಪರದೆ ಮಂದ ಮಾಡುತ್ತದೆ, ಕೆಲವೊಮ್ಮೆ ಚಾರ್ಜಿಂಗನ್ನೇ ನಿಲ್ಲಿಸುತ್ತದೆ. ಎಸಿ ಗಾಳಿ ಬರುವ ಕಡೆ ಹೋಲ್ಡರ್ ಹಾಕಿದರೆ ಈ ತೊಂದರೆ ಇಲ್ಲ. ನಾನು ಒಂದು ಅಗ್ಗದ ಕಾರ್ ಚಾರ್ಜರ್ ಹಾಕಿದಾಗಲೆಲ್ಲ ಜಿಪಿಎಸ್ ಅಲೆದಾಡುತ್ತಿತ್ತು, ತೆಗೆದರೆ ಸರಿಹೋಗುತ್ತಿತ್ತು. ಕೆಟ್ಟ ಚಾರ್ಜರ್ ಮತ್ತು ಡ್ಯಾಶ್‌ಕ್ಯಾಮ್‌ಗಳ ವಿದ್ಯುತ್ ಗದ್ದಲಕ್ಕೆ ಉಪಗ್ರಹದ ಸಣ್ಣ ಸಿಗ್ನಲ್ ಮುಚ್ಚಿಹೋಗುತ್ತದೆ. ಗಾಜಿನಲ್ಲಿ ಲೋಹದ ಪದರ ಇದ್ದರೂ ಹೀಗಾಗುತ್ತದೆ. ಕಾನೂನಿನ ಮಾತು ಹೇಳುವುದಾದರೆ 2020ರ ಅಕ್ಟೋಬರ್‌ನಿಂದ ದಾರಿ ನೋಡಲು ಫೋನ್ ಬಳಸಬಹುದು, ಆದರೆ ಗಮನ ತಪ್ಪುವಂತೆ ಅಲ್ಲ. ಓಡಿಸುವಾಗ ಟೈಪ್ ಮಾಡಲೇಬೇಡಿ. ಪಕ್ಕದವರಿಗೆ ಕೊಡಿ, ಯಾರೂ ಇಲ್ಲದಿದ್ದರೆ ನಿಲ್ಲಿಸಿ. ಧ್ವನಿಯನ್ನು ಕನ್ನಡಕ್ಕೆ ಹಾಕಿಕೊಳ್ಳಿ, 2018ರಿಂದ ಗೂಗಲ್ ಮ್ಯಾಪ್ಸ್‌ನಲ್ಲಿ ಇದೆ. ನಮ್ಮ ಅಪ್ಪ ಪರದೆ ನೋಡುವುದನ್ನೇ ಬಿಟ್ಟು ಬರೀ ಕೇಳಿಕೊಂಡು ಓಡಿಸುವುದು ಆ ಕನ್ನಡದಿಂದಲೇ.

ಕೆಲವು ಸಂಗತಿ ಯಾವ ಮ್ಯಾಪನ್ನೂ ನಂಬಿ ಬಿಡುವಂಥದ್ದಲ್ಲ. ಬಂಡೀಪುರದ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ, ವಯನಾಡಿಗೆ ಹೊರಡುವ ಮೊದಲು ಗಂಟೆ ಲೆಕ್ಕ ಹಾಕಿ. ಮಳೆಗಾಲದಲ್ಲಿ ಘಾಟಿ ತೆರೆದಿದೆಯಾ ಅಂತ ಅವತ್ತಿನ ಸುದ್ದಿ ನೋಡಿ. 2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿ ಹತ್ತಿರ ರಾಮಗಂಗಾ ನದಿಯ ಮೇಲಿನ ಪೂರ್ತಿಯಾಗದ ಸೇತುವೆಯಿಂದ ಕಾರು ಬಿದ್ದು ಮೂವರು ತೀರಿಕೊಂಡರು, ಅವರು ಮ್ಯಾಪ್ ನೋಡಿಕೊಂಡು ಹೊರಟಿದ್ದರು ಅಂತ ಸುದ್ದಿಯಾಗಿತ್ತು. ಅದನ್ನು ಓದಿದಾಗ ಇಷ್ಟು ಹತ್ತಿರದ ವಿಷಯ ಅನಿಸಿರಲಿಲ್ಲ. ಈಗ ಕತ್ತಲಲ್ಲಿ ಗೊತ್ತಿಲ್ಲದ ಸಣ್ಣ ರಸ್ತೆ ಬಂದರೆ, ಮುಂದೆ ಗಾಡಿಯ ಗುರುತಿಲ್ಲ, ಟಾರು ಮುಗಿಯಿತು, ನೀರಿನ ಸದ್ದು ಕೇಳುತ್ತಿದೆ ಅಂದರೆ, ನಾನು ಅಲ್ಲೇ ನಿಲ್ಲಿಸುತ್ತೇನೆ. ಫೋನ್ ಇನ್ನೂ 400 ಮೀಟರ್ ಅಂದರೂ ನಿಲ್ಲಿಸುತ್ತೇನೆ.

ಸಂಕ್ರಾಂತಿಗೆ ಮತ್ತೆ ಅತ್ತೆ ಮನೆಗೆ ಹೋಗಿದ್ದೆವು. ಈ ಸಲ ಹಗಲಲ್ಲಿ, ಮ್ಯಾಪ್ ಇಳಿಸಿಕೊಂಡು. ಅಶ್ವತ್ಥ ಕಟ್ಟೆ ಹತ್ತಿರ ಇಳಿದು ಆ ಕವಲನ್ನು ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಗುರುತು ಹಾಕಿದೆ. ಬಲಗಡೆಯದು ತೋಟದ ರಸ್ತೆ, ಮುಂದೆ ಹಳ್ಳ, ಕಾರು ದಾಟುವುದಿಲ್ಲ. ಗೂಡಂಗಡಿಯವರ ಹತ್ತಿರ ಹೋಗಿ ಕಟ್ಟೆಗೆ ಊರಲ್ಲಿ ಏನು ಹೆಸರು ಅಂತ ಕೇಳಿದೆ. ಅವರು ಹೇಳಿದ್ದನ್ನು ಕನ್ನಡದಲ್ಲೇ ಸೇರಿಸಿದೆ.